ನಲ್ಲಮಲದ ನಡುವೆ ದಾಸೋಹದ ದಾರಿ

ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಕನ್ನಡ ನಾಡಿನ ಮೂಡಣ ಅಂಚಿನ ಹೋಬಳಿ. ಚಿಂತಾಮಣಿಯ ಕಡೆಯಿಂದ ಮದನಪಲ್ಲಿಗೆ ಸಾಗುವ ಹಾದಿ ಈ ಊರನ್ನು ಹಾಯ್ದು ಆಂಧ್ರದ ನೆಲವನ್ನು ಹೊಗುತ್ತದೆ. ಮಾವಿನ ತೋಪು, ಟೊಮೆಟೊ ಹೊಲ, ಬಂಡೆಗಲ್ಲಿನ ಗುಡ್ಡ ಇವು ಗಡಿಯ ಈಚೆಗೂ ಒಂದೇ, ಆಚೆಗೂ ಒಂದೇ. ಇಲ್ಲಿಯ ಜನ ಕಚೇರಿಯಲ್ಲಿ ಕನ್ನಡದಲ್ಲಿ ಅರ್ಜಿ ಬರೆದು, ಸಂತೆಯಲ್ಲಿ ತೆಲುಗಿನಲ್ಲಿ ಚೌಕಾಸಿ ಮಾಡಿ, ಮನೆಗೆ ಬಂದು ಎರಡನ್ನೂ ಬೆರೆಸಿ ಮಾತನಾಡುತ್ತಾರೆ. ಅದರಲ್ಲಿ ಯಾರಿಗೂ ಬಿಗುಮಾನವಿಲ್ಲ.

ಕೋಲಾರ ಜಿಲ್ಲೆಯಲ್ಲಿ ನಮ್ಮ ಸಮಾಜದ ಮನೆಗಳು ಉತ್ತರದ ಜಿಲ್ಲೆಗಳಿಗೆ ಹೋಲಿಸಿದರೆ ವಿರಳ. ಆದರೂ ಶ್ರೀಶೈಲದ ಮಲ್ಲಯ್ಯನ ಹೆಸರು ಕೇಳದ ಮನೆ ಈ ಸೀಮೆಯಲ್ಲಿಲ್ಲ. ಇಲ್ಲಿಂದ ಹೊರಟವರು ಮದನಪಲ್ಲಿ, ರಾಯಚೋಟಿ, ಕಡಪ, ಮೈದುಕೂರು, ಆಳ್ಳಗಡ್ಡ, ನಂದ್ಯಾಲಗಳನ್ನು ದಾಟಿ ಕ್ಷೇತ್ರವನ್ನು ಸೇರುವುದುಂಟು. ಶ್ರೀಶೈಲಕ್ಕೆ ಪರಂಪರೆಯು ನಾಲ್ಕು ಮಹಾದ್ವಾರಗಳನ್ನು ಹೇಳುತ್ತದೆ. ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಪಶ್ಚಿಮಕ್ಕೆ ಆಲಂಪುರ, ಉತ್ತರಕ್ಕೆ ಉಮಾಮಹೇಶ್ವರ. ಕಡಪದ ಸಮೀಪದಲ್ಲಿ ಪೆನ್ನಾ ನದಿಯ ದಡದ ಮೇಲಿರುವ ಸಿದ್ಧವಟವೇ ರಾಯಲ್ಪಾಡಿನ ಯಾತ್ರಿಕನಿಗೆ ಹತ್ತಿರದ ಬಾಗಿಲು. ಆದರೆ ಇಂದು ನಾನು ಓದುಗರನ್ನು ಕರೆದೊಯ್ಯಬೇಕೆಂದಿರುವುದು ಬೇರೊಂದು ದಾರಿಗೆ. ಅದು ಬಸ್ಸು ಹೋಗದ ದಾರಿ. ಆತ್ಮಕೂರಿನಿಂದ ನಲ್ಲಮಲದ ಕಾಡನ್ನು ಹೊಕ್ಕು, ಬೆಟ್ಟದಿಂದ ಬೆಟ್ಟಕ್ಕೆ, ಬಿಡಾರದಿಂದ ಬಿಡಾರಕ್ಕೆ ನಡೆದು ಮಲ್ಲಿಕಾರ್ಜುನನ ಸನ್ನಿಧಿಯನ್ನು ಮುಟ್ಟುವ ಕಾಲುದಾರಿ. ಆ ಬಿಡಾರಗಳಲ್ಲಿ ಅನ್ನವೂ ನೀರೂ ನೆರಳೂ ದೊರೆಯುತ್ತವೆ. ಯಾವುದಕ್ಕೂ ಬೆಲೆಯಿಲ್ಲ.

ಹೋಳಿಯಿಂದ ಯುಗಾದಿಗೆ

ಫಾಲ್ಗುಣ ಮಾಸದ ಹೋಳಿ ಹುಣ್ಣಿಮೆ ಕಳೆಯುತ್ತಿದ್ದಂತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು, ಕಲಬುರಗಿ ಜಿಲ್ಲೆಗಳ ಹಳ್ಳಿಗಳಲ್ಲಿ ಒಂದು ಚಲನೆ ಆರಂಭವಾಗುತ್ತದೆ. ಗಡಿಯಾಚೆಯ ಸೊಲ್ಲಾಪುರದ ಕಡೆಯಿಂದಲೂ ಜನ ಹೊರಡುತ್ತಾರೆ. ಹೆಗಲ ಮೇಲೆ ಮಲ್ಲಯ್ಯನ ಕಂಬಿ, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಇಷ್ಟಲಿಂಗ, ಬಗಲಲ್ಲಿ ಒಂದು ಚೀಲ. ಅಷ್ಟೇ ಅವರ ಸರಂಜಾಮು. ಜಮಖಂಡಿಯ ಸುತ್ತಿನ ಊರುಗಳವರಿಗೆ ಶ್ರೀಶೈಲ ನಾಲ್ಕುನೂರು ಕಿಲೋಮೀಟರಿಗೂ ಹೆಚ್ಚಿನ ದೂರ. ದಿನಕ್ಕೆ ಮೂವತ್ತು ಕಿಲೋಮೀಟರಿನಂತೆ ಸಾಗಿದರೆ ಚೈತ್ರ ಶುದ್ಧ ಪಾಡ್ಯದ ಹೊತ್ತಿಗೆ, ಎಂದರೆ ಯುಗಾದಿಯ ವೇಳೆಗೆ, ಅವರು ಕ್ಷೇತ್ರದಲ್ಲಿರುತ್ತಾರೆ.

ಬಹಳ ಜನ ಹಿಡಿಯುವುದು ರಾಯಚೂರಿನ ದಾರಿ. ತುಂಗಭದ್ರೆಯನ್ನು ದಾಟಿ ಎಮ್ಮಿಗನೂರು, ಕರ್ನೂಲು, ನಂದಿಕೊಟ್ಕೂರುಗಳ ಮೂಲಕ ಅವರು ಆತ್ಮಕೂರನ್ನು ಸೇರುತ್ತಾರೆ. ಕೆಲವರು ಹರಕೆ ಹೊತ್ತು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಆ ದೃಶ್ಯವನ್ನು ಕಂಡವರು ಬೆರಗಾಗದಿರರು. ಆದರೆ ನನಗೆ ಮರಗಾಲಿನವರಿಗಿಂತ ಹೆಚ್ಚಿನ ಬೆರಗನ್ನು ತಂದವರು, ಅರವತ್ತು ದಾಟಿದ ವಯಸ್ಸಿನಲ್ಲಿ ಬರಿಗಾಲಲ್ಲಿ, ಸೊಸೆ ಮೊಮ್ಮಕ್ಕಳ ಕ್ಷೇಮವನ್ನು ಕೋರುತ್ತ, ಮಾತಿಲ್ಲದೆ ಹೆಜ್ಜೆ ಹಾಕುವ ತಾಯಂದಿರು.

ಅವರ ಪಾಲಿಗೆ ಈ ಯಾತ್ರೆ ಬರಿಯ ದೇವರ ದರ್ಶನವಲ್ಲ, ಬೀಗರ ಮನೆಯ ಭೇಟಿಯೂ ಹೌದು. ಭ್ರಮರಾಂಬೆಯನ್ನು ಕನ್ನಡಿಗರು ತಮ್ಮ ಮನೆಯ ಮಗಳೆಂದು ಬಗೆಯುತ್ತಾರೆ. ಮಲ್ಲಯ್ಯ ಅಳಿಯ. ವರ್ಷದ ಮೊದಲ ಹಬ್ಬಕ್ಕೆ ಮಗಳಿಗೆ ಸೀರೆ, ಬಳೆ, ಅರಿಸಿನ ಕುಂಕುಮ ಒಯ್ಯದೆ ಇರಲಾದೀತೆ? ಆದ್ದರಿಂದ ಚೀಲದ ತಳದಲ್ಲಿ ಮಡಿಸಿಟ್ಟ ಒಂದು ಹಸಿರು ಸೀರೆ ಇದ್ದೇ ಇರುತ್ತದೆ. ದಾರಿಯ ಧೂಳು ತಾಗದಂತೆ ಅದನ್ನು ಕಾಪಾಡುವ ಜತನವನ್ನು ನೋಡಿದರೆ ಭಕ್ತಿಯೆಂಬುದು ಎಷ್ಟು ಗೃಹಸ್ಥವಾದ ಭಾವವೆಂಬುದು ತಿಳಿಯುತ್ತದೆ.

ಕಾಡಿನ ಮೆಟ್ಟಿಲುಗಳು

ಆತ್ಮಕೂರಿನವರೆಗೆ ಬಯಲು. ಅಲ್ಲಿಂದ ಮುಂದೆ ವೆಂಕಟಾಪುರವೆಂಬ ಹಳ್ಳಿ. ಅದು ದಾಟಿದರೆ ನಲ್ಲಮಲ. ‘ನಲ್ಲ’ ಎಂದರೆ ತೆಲುಗಿನಲ್ಲಿ ಕಪ್ಪು, ‘ಮಲ’ ಎಂದರೆ ಬೆಟ್ಟ. ದೂರದಿಂದ ನೋಡಿದಾಗ ಹೆಸರು ಎಷ್ಟು ಸಾರ್ಥಕವೆನಿಸುತ್ತದೆ. ಆದರೆ ಯುಗಾದಿಯ ಹೊತ್ತಿಗೆ ಒಳಹೊಕ್ಕರೆ ಅದು ಕಪ್ಪೂ ಅಲ್ಲ, ಹಸಿರೂ ಅಲ್ಲ. ಎಲೆ ಉದುರಿದ ತೇಗ, ದಿಂಡಿಗ, ಬಿದಿರುಗಳ ಬೂದುಬಣ್ಣದ ಕಾಡು. ನಡುನಡುವೆ ಕೆಂಪು ಹೂ ಹೊತ್ತ ಮುತ್ತುಗ. ಕಾಲಡಿಯಲ್ಲಿ ಒಣಗಿದ ತರಗು, ಕಾದ ಕಲ್ಲು. ನೆರಳೆಂಬುದು ಅಪರೂಪ.

ವೆಂಕಟಾಪುರದಿಂದ ಶ್ರೀಶೈಲಕ್ಕೆ ಸುಮಾರು 40 ಕಿಲೋಮೀಟರು. ದಾರಿಯಲ್ಲಿ ಮೊದಲು ಸಿಗುವುದು ನಾಗಲೂಟಿ. ಅಲ್ಲಿ ಕಾಡಿನ ಮಧ್ಯೆ ಹಳೆಯದೊಂದು ವೀರಭದ್ರನ ಗುಡಿಯಿದೆ. ಮುಂದೆ ಪೆಚ್ಚೆರುವು. ಚೆರುವು ಎಂದರೆ ಕೆರೆ. ಕೆರೆಯ ಬಳಿ ಚೆಂಚು ಜನರ ಗೂಡೆಂ, ಎಂದರೆ ಹಟ್ಟಿ. ನಡೆದವರಲ್ಲಿ ಹಲವರು ರಾತ್ರಿ ತಂಗುವುದು ಇಲ್ಲಿಯೇ. ಅದರ ಮುಂದೆ ಮಠಂ ಬಾವಿ. ಈ ಹೆಸರು ಕನ್ನಡಿಗರ ಕಿವಿಗೆ ತಾನಾಗಿಯೇ ಅರ್ಥವಾಗುತ್ತದೆ. ಇಷ್ಟು ನಟ್ಟಡವಿಯ ಒಂದು ನೆಲೆಗೆ ಮಠದ ಹೆಸರೂ ಬಾವಿಯ ಹೆಸರೂ ಅಂಟಿಕೊಂಡಿವೆಯೆಂದರೆ, ದಾರಿಹೋಕನಿಗೆ ನೀರನ್ನೂ ನೆಲೆಯನ್ನೂ ಕೊಡುವುದು ಈ ಬೆಟ್ಟಕ್ಕೆ ಹೊಸದಲ್ಲವೆಂದು ಆ ಹೆಸರೇ ಸಾಕ್ಷಿ ನುಡಿಯುತ್ತದೆ.

ಮಠಂ ಬಾವಿಯಿಂದ ಮುಂದೆ ಭೀಮುನಿ ಕೊಲನು, ಎಂದರೆ ಭೀಮನ ಕೊಳ. ಇದು ಯಾತ್ರೆಯ ಅತ್ಯಂತ ಕಠಿಣವಾದ ಭಾಗ. ದಾರಿ ಒಮ್ಮೆಲೆ ಆಳವಾದ ಕಣಿವೆಗೆ ಇಳಿಯುತ್ತದೆ. ತಳದಲ್ಲಿ ಬಂಡೆಗಳ ನಡುವೆ ನೀರು. ಇಳಿದಷ್ಟನ್ನೂ ಎದುರಿನ ಬೆಟ್ಟದ ಮೇಲೆ ಕಲ್ಲಿನ ಮೆಟ್ಟಿಲುಗಳನ್ನು ಹತ್ತಿ ತೀರಿಸಬೇಕು. ಹತ್ತಿ ಮುಗಿದಲ್ಲಿ ಕೈಲಾಸದ್ವಾರ. ಎರಡು ವಾರ ನಡೆದು ಬಂದವರು ಈ ಬಾಗಿಲಿನ ಹೊಸ್ತಿಲಿಗೆ ಹಣೆ ಹಚ್ಚಿ ಅಳುವುದನ್ನು ಕಂಡಾಗ ಅದಕ್ಕೆ ಆ ಹೆಸರು ಹೇಗೆ ಬಂತೆಂದು ಕೇಳುವ ಅಗತ್ಯ ತೋರುವುದಿಲ್ಲ. ಅಲ್ಲಿಂದ ಹಾಟಕೇಶ್ವರ, ಅಲ್ಲಿಂದ ಶ್ರೀಶೈಲ.

ಈ ಮೆಟ್ಟಿಲುಗಳಿಗೂ ಚರಿತ್ರೆಯಿದೆ. ಹದಿನಾಲ್ಕನೆಯ ಶತಮಾನದಲ್ಲಿ ಕೊಂಡವೀಡಿನ ರೆಡ್ಡಿ ಮನೆತನದ ಪ್ರೋಲಯ ವೇಮಾರೆಡ್ಡಿಯು ಶ್ರೀಶೈಲಕ್ಕೂ ಅಹೋಬಲಕ್ಕೂ ಸೋಪಾನಗಳನ್ನು ಕಟ್ಟಿಸಿದನು. ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆಯು ಪಾತಾಳಗಂಗೆಗೆ ಇಳಿಯುವ ಮೆಟ್ಟಿಲುಗಳನ್ನು ಮಾಡಿಸಿದಳು. ಅರಸರು ದೇವರಿಗೆ ಚಿನ್ನದ ಕಳಶವನ್ನು ಏರಿಸಿದ್ದನ್ನು ಜನ ಮರೆಯಬಹುದು. ಕಾಲಿಗೆ ಮೆಟ್ಟಿಲು ಹಾಸಿದ್ದನ್ನು ಕಾಲು ಮರೆಯುವುದಿಲ್ಲ.

ಇದಕ್ಕೂ ಹಿಂದೆ ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ಪರ್ವತ ಪ್ರಕರಣವೆಂಬ ಒಂದು ಭಾಗವೇ ಇದೆ. ಶ್ರೀಪರ್ವತಕ್ಕೆ ಹೊರಟ ಭಕ್ತಸಮೂಹದ ವರ್ಣನೆ ಅಲ್ಲಿ ವಿಸ್ತಾರವಾಗಿ ಬಂದಿದೆ. ಮಠದಲ್ಲಿ ಗುರುಗಳ ಬಳಿ ಆ ಭಾಗವನ್ನು ಓದುವಾಗ ನನಗೆ ಅದು ಪುರಾಣವಾಗಿತ್ತು. ನಾಗಲೂಟಿಯ ಗುಡಿಯ ಮುಂದೆ ಕುಳಿತು ಕಾಲಿನ ಗುಳ್ಳೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ ಜನರನ್ನು ಕಂಡ ದಿನ ಅದು ವರದಿಯಾಯಿತು.

ರೊಟ್ಟಿಯ ಪಯಣ

ಇನ್ನು ಬಿಡಾರಗಳ ಮಾತು. ನಲ್ಲಮಲದ ಈ ಕಾಲುದಾರಿಯಲ್ಲಿ ಯುಗಾದಿಯ ವೇಳೆ ಏಳುವ ದಾಸೋಹದ ಚಪ್ಪರಗಳು ಬಹುತೇಕ ಕನ್ನಡ ಭಕ್ತರು ನಡೆಸುವಂಥವು. ಅವುಗಳ ಕೆಲಸ ಕಾಡಿನಲ್ಲಿ ಆರಂಭವಾಗುವುದಿಲ್ಲ. ತಿಂಗಳ ಮೊದಲೇ ಊರ ಅಡುಗೆಮನೆಗಳಲ್ಲಿ ಆರಂಭವಾಗುತ್ತದೆ. ಒಂದು ಮನೆಯವರು ಜೋಳ ಕೊಡುತ್ತಾರೆ, ಇನ್ನೊಬ್ಬರು ಬೆಲ್ಲ, ಮತ್ತೊಬ್ಬರು ಶೇಂಗಾ. ಕೊಡಲು ಏನೂ ಇಲ್ಲದವರು ಕೈಯ ದುಡಿಮೆಯನ್ನು ಕೊಡುತ್ತಾರೆ. ಓಣಿಯ ತಾಯಂದಿರು ಸಾಲಾಗಿ ಕುಳಿತು ರೊಟ್ಟಿ ಬಡಿಯುತ್ತಾರೆ. ಬೆಂದ ರೊಟ್ಟಿಯನ್ನು ಒಲೆಯ ಕಾವಿಗೆ ಒರಗಿಸಿ, ಆಮೇಲೆ ಬಿಸಿಲಿಗೆ ಹರಡಿ, ನೀರಿನಂಶ ಪೂರ್ತಿ ಹೋಗುವಂತೆ ಒಣಗಿಸಿದರೆ ಅದು ಕಡಕ್ ರೊಟ್ಟಿ. ಹಾಗೆ ಒಣಗಿದ ರೊಟ್ಟಿ ವಾರಗಟ್ಟಲೆ ಕೆಡದೆ ಉಳಿಯುತ್ತದೆ. ತೂಕ ಕಡಿಮೆ, ಹೊಟ್ಟೆಗೆ ಆಧಾರ ಹೆಚ್ಚು. ಪರ್ವತದ ಯಾತ್ರೆಗೆ ಇದಕ್ಕಿಂತ ತಕ್ಕ ಬುತ್ತಿಯನ್ನು ಯಾವ ವಿಜ್ಞಾನಿಯೂ ಹೇಳಿಕೊಡಲಾರ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ರೊಟ್ಟಿ ಹರಿದು ಬರುವುದನ್ನು ಬಲ್ಲ ಓದುಗರಿಗೆ ಈ ಕ್ರಮ ಹೊಸದೇನಲ್ಲ.

ಟ್ರ್ಯಾಕ್ಟರು ಹೋಗುವ ತನಕ ರೊಟ್ಟಿಯ ಮೂಟೆ, ಹಿಟ್ಟು, ಬೇಳೆ, ನೀರಿನ ಟ್ಯಾಂಕರು ಹೋಗುತ್ತವೆ. ಅದರಾಚೆಗೆ ತಲೆಹೊರೆ. ಚಪ್ಪರವೆಂದರೆ ನಾಲ್ಕು ಗಳ, ಮೇಲೊಂದು ತಾಡಪತ್ರಿ, ಕೆಳಗೆ ಜಮಖಾನ. ಬೆಳಗಿಗೆ ಅವಲಕ್ಕಿ ಇಲ್ಲವೆ ಉಪ್ಪಿಟ್ಟು, ಚಹಾ. ಮಧ್ಯಾಹ್ನ ರೊಟ್ಟಿ, ಝುಣಕ, ಶೇಂಗಾಹಿಂಡಿ, ಅನ್ನ ಸಾರು. ಬಿಸಿಲೇರಿದಾಗ ಮಜ್ಜಿಗೆ, ಅಂಬಲಿ. ಕೆಲವೆಡೆ ಹೋಳಿಗೆಯೂ ಉಂಟು. ಒಂದು ಮೂಲೆಯಲ್ಲಿ ಕಾಲಿಗೆ ಎಣ್ಣೆ ತಿಕ್ಕುವವರು, ಗುಳ್ಳೆಗೆ ಔಷಧಿ ಹಚ್ಚುವವರು. ರಾತ್ರಿ ಮಲಗಲು ಚಪ್ಪರದಡಿ ಒಂದು ಅಂಗಾತ ಜಾಗ. ಅಷ್ಟು ಸಿಕ್ಕರೆ ಅಂದು ಅದೇ ಅರಮನೆ.

ಪೆಚ್ಚೆರುವಿನ ಹಾದಿಯಲ್ಲಿ ಕಂಡ ಒಬ್ಬ ತಾಯಿಯ ಮಾತು ನನ್ನ ಕಿವಿಯಲ್ಲಿನ್ನೂ ಇದೆ. ಮಜ್ಜಿಗೆಯ ಕೊಡ ಹಿಡಿದು ದಾರಿಯ ಅಂಚಿನಲ್ಲಿ ನಿಂತಿದ್ದಳು. ನಡೆದು ದಣಿದ ಹುಡುಗನೊಬ್ಬ, “ಸಾಕು ಬಿಡ್ರಿ ಯವ್ವಾ, ಈಗಷ್ಟ ಹಿಂದಿನ ಚಪ್ಪರದಾಗ ಕುಡದ ಬಂದೀನಿ” ಎಂದ. ಅದಕ್ಕೆ ಆಕೆ, “ಅಲ್ಲಿ ಅವರ ಪುಣ್ಯಾ ನೀ ಕುಡದಿ, ಇಲ್ಲಿ ನನ್ನ ಸಲವಾಗಿ ಒಂದ ಗುಟುಕ ಕುಡೀ ನನ್ನಪ್ಪಾ” ಎಂದಳು. ಕೊಡುವವಳು ಬೇಡುತ್ತಿದ್ದಳು. ತೆಗೆದುಕೊಳ್ಳುವವನು ದಾನಿಯಾಗಿದ್ದ. ದಾಸೋಹವೆಂಬ ಶಬ್ದಕ್ಕೆ ಮಠದ ಪಾಠದಲ್ಲಿ ನಾವು ಮಾಡಿದ ವ್ಯಾಖ್ಯಾನಗಳೆಲ್ಲವೂ ಆ ಒಂದು ಗುಟುಕಿನಲ್ಲಿ ಅಡಗಿದ್ದವು.

‘ದಾನ’ಕ್ಕೂ ‘ದಾಸೋಹ’ಕ್ಕೂ ಇರುವ ಅಂತರವೇ ಇದು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನು ದಾಸ. ‘ನಾನೇ ಅವನು’ ಎನ್ನುವ ಸೋಹಂಭಾವವೂ ಅಹಂಕಾರಕ್ಕೆ ಎಡೆಗೊಟ್ಟೀತೆಂದು ಬಗೆದು, ‘ನಾನು ದಾಸ’ ಎಂಬ ಭಾವವನ್ನು ಶರಣರು ಎತ್ತಿ ಹಿಡಿದರು. ಸ್ವಂತ ಕಾಯಕದಿಂದ ಬಂದುದನ್ನು ಪ್ರಸಾದವೆಂದು ತಿಳಿದು ಹಂಚುವುದು ಅದರ ಎರಡನೆಯ ಅಂಗ. ಕಾಯಕವಿಲ್ಲದ ದಾಸೋಹ ಸಾಲದ ಊಟ. ದಾಸೋಹವಿಲ್ಲದ ಕಾಯಕ ಬರಿಯ ಗಳಿಕೆ.

ಬೆಟ್ಟ ಹತ್ತುವವರಿಗೆ ನೆಲೆ ಕೊಡುವ ವ್ಯವಸ್ಥೆಗಳು ಜಗತ್ತಿನ ಬೇರೆಡೆಯೂ ಇವೆ. ಯುರೋಪಿನ ಆಲ್ಪ್ಸ್ ಪರ್ವತದಲ್ಲಿ 1863ರಲ್ಲಿ ಸ್ಥಾಪನೆಯಾದ ಸ್ವಿಸ್ ಪರ್ವತಾರೋಹಿಗಳ ಸಂಘವೊಂದೇ ಸುಮಾರು 150 ಗುಡಿಸಲುಗಳನ್ನು ನಡೆಸುತ್ತಿದೆ. ಒಂದು ದಿನದ ನಡಿಗೆಗೆ ಒಂದರಂತೆ ಊಟವೂ ಹಾಸಿಗೆಯೂ ಅಲ್ಲಿ ಸಿಗುತ್ತವೆ. ಅಲ್ಲಿ ಹಣ ತೆತ್ತು ಉಣ್ಣಬೇಕು. ಆದರೆ ಶಿಸ್ತು, ಶುಚಿ, ಹೊತ್ತುಹೊತ್ತಿನ ಅಚ್ಚುಕಟ್ಟು ನಾವು ಕಲಿಯಬೇಕಾದಂಥವು. ಸ್ಪೇನ್ ದೇಶದ ಸಾಂತಿಯಾಗೋ ಕ್ಷೇತ್ರಕ್ಕೆ ನಡೆಯುವ ಕ್ರೈಸ್ತ ಯಾತ್ರಿಕರಿಗೂ ದಾರಿಯುದ್ದಕ್ಕೂ ತಂಗುದಾಣಗಳಿವೆ. ನಮ್ಮ ನೆರೆಯ ಪಂಢರಪುರದ ವಾರಿಯಲ್ಲಿ ಆಳಂದಿ, ದೇಹುಗಳಿಂದ ಹೊರಟ ಪಾಲಕಿಗಳಿಗೆ ಊರೂರಿನ ಜನ ಉಣಬಡಿಸುತ್ತಾರೆ. ಅಮರನಾಥದ ಹಿಮದ ದಾರಿಯಲ್ಲಿ ಲಂಗರುಗಳಿವೆ. ನಡೆಯುವವನು ಯಾವ ನಾಡಿನವನಾದರೂ ಅವನ ಹಸಿವು ಒಂದೇ ಭಾಷೆಯದು.

ಸ್ಥಾವರವೋ ಜಂಗಮವೋ

ಇಲ್ಲಿ ಒಂದು ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಲಾಗದು. ಓದಿದ ಯುವಕರು ಇದನ್ನು ಆಗಾಗ ಕೇಳುತ್ತಾರೆ. ಅಂಗದ ಮೇಲೆ ಇಷ್ಟಲಿಂಗವನ್ನು ಧರಿಸಿದವನಿಗೆ ಬೆಟ್ಟದ ಮೇಲಿನ ಸ್ಥಾವರಲಿಂಗ ಏಕೆ? ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ಸಾರಿದ ಬಸವಣ್ಣನವರ ಮಕ್ಕಳು ಹದಿನೈದು ದಿನ ನಡೆದು ಗುಡಿಗೆ ಹೋಗುವುದು ಹಿಂದಡಿಯಲ್ಲವೆ?

ಪ್ರಶ್ನೆ ನ್ಯಾಯವಾದದ್ದು. ಯಾತ್ರೆಯನ್ನು ಹರಕೆಯ ವ್ಯಾಪಾರವೆಂದು ಬಗೆದವರಿಗೆ ಅದು ಚುಚ್ಚಲೇಬೇಕು. ಆದರೆ ಶರಣರ ಚರಿತ್ರೆಯನ್ನು ನೋಡಿದರೆ ಶ್ರೀಶೈಲವು ಅವರ ಬಾಳಿನಲ್ಲಿ ಹೆಣೆದುಕೊಂಡ ಬಗೆ ಬೇರೆಯಾಗಿದೆ. ಉಡುತಡಿಯ ಅಕ್ಕಮಹಾದೇವಿ ಕಲ್ಯಾಣವನ್ನು ಕಂಡು, ಅನುಭವಮಂಟಪದ ಪರೀಕ್ಷೆಯನ್ನು ಗೆದ್ದು, ಕೊನೆಗೆ ಈ ಪರ್ವತದ ಕದಳಿಯನ್ನು ಸೇರಿದಳು. ಅಲ್ಲಮಪ್ರಭುಗಳ ಐಕ್ಯವೂ ಕದಳಿಯಲ್ಲೆಂದು ಪರಂಪರೆ ಹೇಳುತ್ತದೆ. ಕದಳಿಯೆಂದರೆ ಬಾಳೆಯ ವನವೂ ಹೌದು. ಸುಳಿಯೊಳಗೆ ಸುಳಿ ಬಿಚ್ಚುವ ತನುವಿನ, ಮನಸ್ಸಿನ ಸಂಕೇತವೂ ಹೌದು. ಹೇಮರೆಡ್ಡಿ ಮಲ್ಲಮ್ಮ ಗೃಹಿಣಿಯಾಗಿದ್ದೇ ಮಲ್ಲಯ್ಯನನ್ನು ಒಲಿಸಿಕೊಂಡವಳು. ಆಕೆಯ ನೆನಪಿನ ನೆಲೆ ಇಂದಿಗೂ ಕ್ಷೇತ್ರದಲ್ಲಿದೆ.

ಎಲ್ಲಕ್ಕಿಂತ ಸಿದ್ಧರಾಮಯ್ಯನ ಕಥೆ ನಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತದೆ. ಅದನ್ನು ರಾಘವಾಂಕನು ‘ಸಿದ್ಧರಾಮ ಚರಿತೆ’ಯಲ್ಲಿ ಹೇಳಿದ್ದಾನೆ. ಸೊನ್ನಲಿಗೆಯ ದನಗಾಹಿ ಬಾಲಕ ಮಲ್ಲಯ್ಯನನ್ನು ಅರಸುತ್ತ ಜಂಗಮರ ಗುಂಪಿನೊಡನೆ ಪರ್ವತಕ್ಕೆ ಬಂದ. ಗುಡಿಯ ಲಿಂಗವನ್ನು ತೋರಿಸಿದರೆ ‘ಇವನಲ್ಲ ನನ್ನ ಮಲ್ಲಯ್ಯ’ ಎಂದ. ಕೂಗಿ ಕೂಗಿ ಕಾಣದೆ ಕೊನೆಗೆ ಕಮರಿಗೆ ಹಾರಲು ಹೋದಾಗ ಮಲ್ಲಿಕಾರ್ಜುನನೇ ಬಂದು ಕೈ ಹಿಡಿದ. ಹಿಡಿದವನು ಅವನನ್ನು ಪರ್ವತದಲ್ಲಿ ಇರಿಸಿಕೊಳ್ಳಲಿಲ್ಲ. ಊರಿಗೆ ಹಿಂತಿರುಗು, ಸೊನ್ನಲಿಗೆಯನ್ನೇ ಶ್ರೀಶೈಲ ಮಾಡು ಎಂದು ಕಳುಹಿಸಿದ. ಸಿದ್ಧರಾಮ ಊರಿಗೆ ಬಂದು ಕೆರೆ ಕಟ್ಟಿದ, ಹಸಿದವರಿಗೆ ಅನ್ನವಿಟ್ಟ. ಮುಂದೆ ಅಲ್ಲಮನ ಕೈ ಹಿಡಿದು ಕಲ್ಯಾಣಕ್ಕೆ ಹೋಗಿ ಇಷ್ಟಲಿಂಗದ ಅರಿವನ್ನು ಪಡೆದ.

ಎಂದರೆ ಪರ್ವತಕ್ಕೆ ಹೋಗುವುದರ ಫಲ ಪರ್ವತದಲ್ಲಿಲ್ಲ, ಹಿಂತಿರುಗಿ ಬಂದು ಮಾಡುವ ಕೆಲಸದಲ್ಲಿದೆ. ನಲ್ಲಮಲದ ಕಾಲುದಾರಿಯಲ್ಲಿ ನಡೆಯುವವನು ಹದಿನೈದು ದಿನ ತಾನೇ ಜಂಗಮನಾಗಿರುತ್ತಾನೆ. ಮನೆಯಿಲ್ಲ, ಅಂಗಡಿಯಿಲ್ಲ, ಹೊಲವಿಲ್ಲ. ಕೊಟ್ಟವರ ಕೈಯ ತುತ್ತು, ಚಪ್ಪರದ ನೆರಳು. ಅವನ ಪಕ್ಕದಲ್ಲಿ ಕುಳಿತು ಉಣ್ಣುವವನು ಯಾವ ಊರಿನವನು, ಯಾವ ಒಳಪಂಗಡದವನು, ಎಷ್ಟು ಎಕರೆಯವನು ಎಂದು ಯಾರೂ ಕೇಳುವುದಿಲ್ಲ. ನಾಡಿನ ನೂರಾರು ಸಭೆಗಳಲ್ಲಿ ನಾವು ಭಾಷಣ ಮಾಡಿ ಸಾಧಿಸಲಾಗದ ಸಮತೆಯನ್ನು ಆ ಪಂಕ್ತಿ ಮಾತಿಲ್ಲದೆ ಸಾಧಿಸುತ್ತದೆ. ಆ ಸಮತೆಯನ್ನು ಊರಿಗೆ ತಂದರೆ ಯಾತ್ರೆ ಜಂಗಮ. ಕಾಡಿನಲ್ಲಿಯೇ ಬಿಟ್ಟು ಬಂದರೆ ಯಾತ್ರೆಯೂ ಸ್ಥಾವರ.

ಎಚ್ಚರಿಕೆಯ ಮಾತುಗಳು

ಇಷ್ಟು ಹೊಗಳಿದ ಮೇಲೆ ಹೇಳಲೇಬೇಕಾದ ಕೆಲವು ಕಹಿ ಮಾತುಗಳಿವೆ. ಹೇಳದೆ ಉಳಿಸಿದರೆ ಬರವಣಿಗೆ ಸುಳ್ಳಾದೀತು.

ಮೊದಲನೆಯದು ಕಾಡಿನ ವಿಷಯ. ಈ ದಾರಿ ಸಾಗುವುದು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶದಲ್ಲಿ. ದೇಶದ ಹುಲಿಧಾಮಗಳಲ್ಲಿ ವಿಸ್ತಾರದಲ್ಲಿ ಇದು ಅಗ್ರಸ್ಥಾನದ್ದು. 2014ರಲ್ಲಿ ರಾಜ್ಯ ಇಬ್ಭಾಗವಾದ ಮೇಲೆ ಕೃಷ್ಣೆಯ ಆಚೆಯ ಭಾಗ ತೆಲಂಗಾಣದ ಅಮರಾಬಾದ್ ಸಂರಕ್ಷಿತ ಪ್ರದೇಶವಾಯಿತು. ಇಂಥ ಕಾಡಿನ ದಾರಿಯನ್ನು ಅರಣ್ಯ ಇಲಾಖೆಯು ಯಾತ್ರಿಕರಿಗೆ ತೆರೆಯುವುದು ಶಿವರಾತ್ರಿ, ಯುಗಾದಿಗಳಂಥ ಪರ್ವಕಾಲದಲ್ಲಿ. ಅದು ನಮ್ಮ ಹಕ್ಕು ಎನ್ನುವುದಕ್ಕಿಂತ ನಮ್ಮ ಮೇಲಿಟ್ಟ ನಂಬಿಕೆ ಎನ್ನುವುದು ಸರಿ. ಆ ನಂಬಿಕೆಗೆ ನಾವು ಸಲ್ಲಿಸುವ ಪ್ರತಿಫಲ ಯಾವುದು? ಯಾತ್ರೆ ಮುಗಿದ ಮರುದಿನ ದಾರಿಯನ್ನು ನೋಡಿದವರ ಕಣ್ಣಿಗೆ ಬೀಳುವುದು ನೀರಿನ ಪ್ಲಾಸ್ಟಿಕ್ ಬಾಟಲಿ, ಪೊಟ್ಟಣ, ಲೋಟ, ತಟ್ಟೆಗಳ ರಾಶಿ. ಉಪ್ಪಿನ ರುಚಿ ಹತ್ತಿದ ಪೊಟ್ಟಣವನ್ನು ಜಿಂಕೆ ನುಂಗಿ ಸಾಯುವುದಾದರೆ ಆ ದಾಸೋಹ ಯಾರಿಗೆ ಸಂದಿತು? ಬೇಸಿಗೆಯ ತರಗಿಗೆ ಒಂದು ಬೀಡಿಯ ಕಿಡಿ ಸಾಕು, ಆರಿಸದೆ ಬಿಟ್ಟ ಒಲೆಯೊಂದು ಸಾಕು. ದಯೆಯೇ ಧರ್ಮದ ಬೇರೆಂದು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.

ಎರಡನೆಯದು ಪ್ರದರ್ಶನದ ವಿಷಯ. ಇತ್ತೀಚಿನ ವರ್ಷಗಳಲ್ಲಿ ಕೆಲವು ಚಪ್ಪರಗಳ ಮುಂದೆ ಚಪ್ಪರಕ್ಕಿಂತ ದೊಡ್ಡದಾದ ಫಲಕಗಳು ಎದ್ದಿವೆ. ಕೊಟ್ಟವರ ಭಾವಚಿತ್ರ, ಅವರ ಪದವಿ, ಅವರ ಪಕ್ಷದ ಬಣ್ಣ. ಧ್ವನಿವರ್ಧಕದಲ್ಲಿ ಹೆಸರುಗಳ ಘೋಷಣೆ. ರೊಟ್ಟಿ ಬಡಿದ ತಾಯಂದಿರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಅವರು ಅದನ್ನು ಬಯಸುವುದೂ ಇಲ್ಲ. ಯಾರ ಮನಸ್ಸನ್ನೂ ನೋಯಿಸುವುದು ನನ್ನ ಉದ್ದೇಶವಲ್ಲ. ಆದರೆ ದಾಸನ ಭಾವಚಿತ್ರ ದೇವರ ಭಾವಚಿತ್ರಕ್ಕಿಂತ ದೊಡ್ಡದಾದ ದಿನ ಅದು ದಾಸೋಹವಾಗಿ ಉಳಿಯುವುದಿಲ್ಲ.

ಮೂರನೆಯದು ನೆರೆಹೊರೆಯ ವಿಷಯ. 2022ರ ಯುಗಾದಿಯ ಹೊಸ್ತಿಲಲ್ಲಿ ಶ್ರೀಶೈಲದಲ್ಲಿ ಕನ್ನಡ ಭಕ್ತರಿಗೂ ಅಲ್ಲಿಯ ಕೆಲವು ವ್ಯಾಪಾರಿಗಳಿಗೂ ಜಗಳ ಹತ್ತಿ, ಭಕ್ತನೊಬ್ಬ ಗಾಯಗೊಂಡು, ಅಂಗಡಿಗಳೂ ವಾಹನಗಳೂ ಜಖಂಗೊಂಡದ್ದನ್ನು ಓದುಗರು ಬಲ್ಲರು. ಚಿಕ್ಕ ಮಾತಿನಿಂದ ಬೆಳೆದ ದೊಡ್ಡ ಕಿಡಿ ಅದು. ಎರಡೂ ಕಡೆಯವರು ಆಮೇಲೆ ಸಮಾಧಾನಗೊಂಡರು, ಯಾತ್ರೆ ಮುಂದುವರಿಯಿತು. ಆದರೂ ಮಗಳ ಮನೆಗೆ ಹೋದವರು ಬೀಗರ ಕೇರಿಯವರೊಡನೆ ಕೈಮಿಲಾಯಿಸುವುದು ಮಗಳಿಗೆ ಸಂತೋಷ ತರುವ ಸಂಗತಿಯೆ? ಅಳಿಯನ ಊರಿನ ಭಾಷೆಯ ನಾಲ್ಕು ಮಾತುಗಳನ್ನಾದರೂ ಕಲಿತು ಹೋಗುವುದು ಮರ್ಯಾದೆ. ‘ಅಣ್ಣಾ, ನೀಳ್ಳು’ ಎಂದು ಕೇಳಿದರೆ ನೀರು ಕೊಡದ ಮನೆ ಆ ಸೀಮೆಯಲ್ಲಿ ಇಲ್ಲ. ರಾಯಲ್ಪಾಡಿನಂಥ ಗಡಿಯ ಊರುಗಳು ಇಲ್ಲಿ ಉಳಿದ ನಾಡಿಗೆ ಗುರುಸ್ಥಾನದಲ್ಲಿವೆ. ಎರಡು ನುಡಿಗಳನ್ನು ಎರಡು ಕಣ್ಣುಗಳಂತೆ ಬಳಸುವ ಜನ ಇವರು. ಈ ಸೀಮೆಯ ಯುವಕರು ಒಂದೊಂದು ಚಪ್ಪರದಲ್ಲಿ ಇಬ್ಬರಂತೆ ನಿಂತು ದುಭಾಷಿಗಳಾಗಿ ಸೇವೆ ಸಲ್ಲಿಸಿದರೆ ಅದು ರೊಟ್ಟಿಯ ಸೇವೆಗಿಂತ ಕಡಿಮೆಯದಲ್ಲ.

ಇದೇ ಮಾತು ಚೆಂಚು ಜನರ ವಿಷಯಕ್ಕೂ ಸಲ್ಲುತ್ತದೆ. ನಲ್ಲಮಲದ ಮೂಲನಿವಾಸಿಗಳು ಅವರು. ಮಲ್ಲಯ್ಯನು ತಮ್ಮ ಕುಲದ ಹೆಣ್ಣನ್ನು ವರಿಸಿದನೆಂಬುದು ಅವರ ನಂಬಿಕೆ. ಹಾಗಾದರೆ ಅವರೂ ನಮಗೆ ಬೀಗರೇ. ಅವರ ಹಟ್ಟಿಯ ಪಕ್ಕದಲ್ಲಿ ಸಾವಿರಾರು ಜನ ಉಂಡು ಏಳುವಾಗ ಮೊದಲ ಪಂಕ್ತಿಯಲ್ಲಿ ಅವರ ಮಕ್ಕಳಿರಬೇಕು. ದಾರಿ ತೋರುವುದಕ್ಕೆ, ನೀರು ಹೊರುವುದಕ್ಕೆ ಅವರ ನೆರವು ಪಡೆದಾಗ ತಕ್ಕ ಕೂಲಿಯನ್ನು ಕೈಗೆ ಕೊಡಬೇಕು.

ಹೋಗಬಯಸುವವರಿಗೆ

ಈ ವರ್ಷ ಅಥವಾ ಮುಂದಿನ ವರ್ಷ ನಡೆದು ಹೋಗಬೇಕೆಂಬ ಸಂಕಲ್ಪವುಳ್ಳ ಕುಟುಂಬಗಳಿಗೆ ಕೆಲವು ಸೂಚನೆಗಳು. ಪೂರ್ತಿ ದೂರ ನಡೆಯಲಾಗದವರು ಆತ್ಮಕೂರಿನವರೆಗೆ ವಾಹನದಲ್ಲಿ ಹೋಗಿ, ವೆಂಕಟಾಪುರದಿಂದ ಕಾಡಿನ ದಾರಿಯನ್ನು ಎರಡು ದಿನದಲ್ಲಿ ನಡೆಯಬಹುದು. ಮೊದಲ ದಿನ ಪೆಚ್ಚೆರುವು, ಎರಡನೆಯ ದಿನ ಶ್ರೀಶೈಲ. ಬೆಳಕು ಹರಿಯುವ ಹೊತ್ತಿಗೆ ನಡಿಗೆ ಆರಂಭಿಸಿ, ಬಿಸಿಲೇರಿದ ಮೇಲೆ ಚಪ್ಪರದ ನೆರಳಿನಲ್ಲಿ ವಿಶ್ರಮಿಸಿ, ಇಳಿಹೊತ್ತಿನಲ್ಲಿ ಮತ್ತೆ ನಡೆಯುವುದು ಲೇಸು. ಗುಂಪನ್ನು ಬಿಟ್ಟು ಒಬ್ಬಂಟಿಯಾಗಿ, ಅದರಲ್ಲಿಯೂ ಕತ್ತಲೆಯಲ್ಲಿ, ನಡೆಯಲೇಬಾರದು. ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಭೀಮುನಿ ಕೊಲನಿನ ಏರು ಯಾರ ಭಕ್ತಿಯನ್ನೂ ನೋಡಿ ಇಳಿಜಾರಾಗುವುದಿಲ್ಲ. ಬೆವರು ಹರಿದಾಗ ಬರಿ ನೀರಿಗಿಂತ ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿ ಹಿತಕರ. ಹೋದ ಉಪ್ಪನ್ನೂ ನೀರನ್ನೂ ಅವು ಒಟ್ಟಿಗೆ ತುಂಬುತ್ತವೆ.

ಸ್ವಂತದ್ದೊಂದು ಸ್ಟೀಲಿನ ಲೋಟ, ಒಂದು ತಟ್ಟೆ, ಒಂದು ನೀರಿನ ತಂಬಿಗೆ ಚೀಲದಲ್ಲಿರಲಿ. ದಾಸೋಹ ನಡೆಸುವವರು ಪ್ಲಾಸ್ಟಿಕ್ ಬಿಟ್ಟು ಮುತ್ತುಗದ ಪತ್ರಾವಳಿ ಬಳಸಲಿ. ಅದನ್ನು ಊರಿನಿಂದಲೇ ಒಯ್ಯಲಿ, ಕಾಡಿನ ಮರವನ್ನು ಮುಟ್ಟದಿರಲಿ. ಚಪ್ಪರ ಕಿತ್ತ ಮೇಲೆ ಒಂದು ದಿನ ಹೆಚ್ಚು ಉಳಿದು, ತಮ್ಮ ಚಪ್ಪರದ ಹಿಂದೆ ಮುಂದೆ ಬಿದ್ದ ಕಸವನ್ನು ಆರಿಸಿ, ಟ್ರ್ಯಾಕ್ಟರಿನಲ್ಲಿ ಹೊರಗೆ ಸಾಗಿಸಿದರೆ ಅದು ಹೋಳಿಗೆ ಬಡಿಸಿದ್ದಕ್ಕಿಂತ ಮಿಗಿಲಾದ ಸೇವೆ. ಕೋಲಾರ ಸೀಮೆಯ ನಮ್ಮ ಮನೆಗಳು ಸಂಖ್ಯೆಯಲ್ಲಿ ಕಡಿಮೆಯಾದರೇನು? ಈ ನೆಲದ ರಾಗಿಗೆ ಕೊರತೆಯಿಲ್ಲ. ಉತ್ತರದವರ ಜೋಳದ ರೊಟ್ಟಿಯ ಪಕ್ಕದಲ್ಲಿ ಪೂರ್ವದವರ ರಾಗಿ ಅಂಬಲಿಯ ಒಂದು ಕೊಡ ನಿಂತರೆ ಆ ಚಪ್ಪರದಲ್ಲಿ ಕರ್ನಾಟಕವೇ ಪೂರ್ಣವಾದಂತೆ.

ಶ್ರೀಶೈಲದಿಂದ ಹಿಂತಿರುಗಿದ ಕಂಬಿಯನ್ನು ಉತ್ತರದ ಹಳ್ಳಿಗಳಲ್ಲಿ ವಾದ್ಯಗಳೊಡನೆ ಎದುರುಗೊಂಡು ಐದೇಶಿಯನ್ನು ನಡೆಸುವ ರೂಢಿಯಿದೆ. ಅಂದು ಊರಿಗೇ ಊಟ. ನಡೆದು ಬಂದವರ ಕಾಲಿಗೆ ನಡೆಯದೆ ಉಳಿದವರು ನೀರೆರೆದು ನಮಸ್ಕರಿಸುತ್ತಾರೆ. ಕಾಡಿನಲ್ಲಿ ಉಂಡವರು ಅಂದು ಊರಿನಲ್ಲಿ ಬಡಿಸುತ್ತಾರೆ. ಪಡೆದ ತುತ್ತು ಹೀಗೆ ಇನ್ನೊಬ್ಬರ ಎಲೆಗೆ ಹೋಗಿ ಮುಟ್ಟುತ್ತದೆ. ಈ ಸುತ್ತು ಎಲ್ಲಿಯೂ ತುಂಡಾಗದಂತೆ ನೋಡಿಕೊಳ್ಳುವ ಹೊಣೆ ಪ್ರತಿಯೊಂದು ಶರಣ ಕುಟುಂಬದ್ದು. ಮಲ್ಲಯ್ಯನು ಆ ಹೊಣೆಯನ್ನು ಹೊರುವ ಬಲವನ್ನು ನಮ್ಮೆಲ್ಲರ ಹೆಗಲಿಗೆ ದಯಪಾಲಿಸಲಿ. ಶರಣು ಶರಣಾರ್ಥಿ.